140 ವಿಡಿಯೋ ನೋಡಿದೆ, ಮೋಟರ್ ಮೂರನೇ ದಿನಕ್ಕೆ ಸುಟ್ಟಿತು

ಪ್ರಶ್ನೆ: ಸರ್, ನಾನು ಸಿಂಧನೂರು ತಾಲೂಕಿನ ಒಂದು ಹಳ್ಳಿಯವನು. ವಯಸ್ಸು 24, ಬಿ.ಎ. ಆಗಿದೆ. ಎರಡು ವರ್ಷ ಟೆಲಿಗ್ರಾಂ ಗ್ರೂಪಿನ ಪಿಡಿಎಫ್ ಓದಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದೆ, ಆಗಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ ಜಾಸ್ತಿ. ಮೋಟರ್ ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು) ಕಲಿತರೆ ಹೊಟ್ಟೆಗೆ ಮೋಸ ಇಲ್ಲ ಅಂತ 8 ತಿಂಗಳಿಂದ ಯೂಟ್ಯೂಬ್ ನೋಡಿ ಕಲಿಯುತ್ತಿದ್ದೇನೆ. 140 ವಿಡಿಯೋ ಸೇವ್ ಮಾಡಿದ್ದೇನೆ. ಹೆಚ್ಚಿನವು ಹಿಂದಿ, ಅರ್ಧ ತಿಳಿಯುತ್ತದೆ. ನೋಡುವಾಗ ಎಲ್ಲ ಬರುತ್ತೆ ಅನ್ಸುತ್ತೆ. ಹೋದ ತಿಂಗಳು ಪಕ್ಕದ ಹೊಲದ ಮಾವನ 3 ಎಚ್‌ಪಿ ಪಂಪಿಗೇ ಜೋಡಿಸಿದ ಮಾನೋಬ್ಲಾಕ್ ಮೋಟರ್ ಕಟ್ಟಿಕೊಟ್ಟೆ. ಹಳೇ ತಂತಿ ಕಿತ್ತು ಹಾಕಿದ ಮೇಲೆ ಸುತ್ತು ಎಣಿಸಿಲ್ಲ ಅಂತ ನೆನಪಾಯಿತು. ಒಂದು ವಿಡಿಯೋದಲ್ಲಿ ಅದೇ 3 ಎಚ್‌ಪಿ, ಅದೇ 24 ಸ್ಲಾಟ್ (ತಂತಿ ಕೂರಿಸುವ ಕಚ್ಚು) ಇತ್ತು. ಅದರ ಲೆಕ್ಕವನ್ನೇ ಹಾಕಿದೆ. ಎರಡು ದಿನ ಚೆನ್ನಾಗಿ ನೀರು ಹೊಡೀತು, ಮೂರನೇ ದಿನ ಹೊಗೆ ಬಂತು. ತಂತಿ, ಪೇಪರ್, ವಾರ್ನಿಷ್ ಅಂತ ಹಾಕಿದ 3,500 ರೂಪಾಯಿ ಹೋಯಿತು. ಮಾವ ಮಾತು ಬಿಟ್ಟಿದ್ದಾನೆ. ಈಗ ಇನ್‌ಸ್ಟಾಗ್ರಾಂನಲ್ಲಿ ಒಬ್ಬರು 14,999 ರೂಪಾಯಿಗೆ 45 ದಿನದ ಆನ್‌ಲೈನ್ ಕೋರ್ಸ್, ಜೊತೆಗೆ ಸರ್ಕಾರಿ ಮಾನ್ಯತೆಯ ಸರ್ಟಿಫಿಕೇಟ್ ಕೊಡ್ತೀವಿ ಅಂತಿದ್ದಾರೆ. ಅಪ್ಪ ಮಾತ್ರ ‘ಮೊಬೈಲ್ ಹಿಡ್ಕೊಂಡು ಕುಂತ್ರ ಕಸುಬು ಬರ್ತದೇನು?’ ಅಂತಾನೆ. ನನ್ನ ತಲೇನೇ ಸರಿ ಇಲ್ವಾ? ಅಥವಾ ಫೋನಲ್ಲಿ ಕಲಿಯೋದೇ ಸುಳ್ಳಾ?

ಉತ್ತರ:

ತಲೆ ಸರಿಯಾಗಿಯೇ ಇದೆ. ಸುತ್ತು ಎಣಿಸಲಿಲ್ಲ ಅನ್ನುವುದು ತಪ್ಪು ಅಂತ ನಿಮಗೇ ಹೊಳೆದಿದೆ, ಅದನ್ನು ಮುಚ್ಚಿಡದೆ ಬರೆದಿದ್ದೀರಿ. ಕೊಪ್ಪಳ ಜಿಲ್ಲೆಯ ಐಟಿಐ ಒಂದರಲ್ಲಿ 22 ವರ್ಷದಿಂದ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತಿದ್ದೇನೆ. ಎರಡನೇ ವರ್ಷದ ಹುಡುಗರೂ ಅವಸರದಲ್ಲಿ ಎಣಿಸದೆ ತಂತಿ ಕತ್ತರಿಸಿ ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ. ವ್ಯತ್ಯಾಸ ಇಷ್ಟೇ. ಅವರ ಮೋಟರ್ ನನ್ನ ಬೆಂಚಿನ ಮೇಲೆ ಸುಟ್ಟಿತು, ನಿಮ್ಮದು ಮಾವನ ಹೊಲದಲ್ಲಿ ಸುಟ್ಟಿತು.

ನಿಮ್ಮ ತಂದೆಯ ಮಾತು ಅರ್ಧ ನಿಜ. ಸುಳ್ಳು ಇರುವ ಅರ್ಧ ಮೊದಲು ಹೇಳುತ್ತೇನೆ.

ನಾನು ಕಲಿಯುವಾಗ ಗಂಗಾವತಿಯ ಒಂದು ರಿವೈಂಡಿಂಗ್ ಅಂಗಡಿಗೆ ಸಂಜೆ ಹೊತ್ತು ಹೋಗುತ್ತಿದ್ದೆ. ಮೇಸ್ತ್ರಿ ಹತ್ತಿರ ಎಣ್ಣೆ ಕಲೆ ಹಿಡಿದ ಒಂದು ಡೈರಿ ಇತ್ತು. ಯಾವ ಕಂಪನಿಯ ಮೋಟರಿಗೆ ಎಷ್ಟು ಸುತ್ತು, ಯಾವ ಗೇಜ್ (ದಪ್ಪ) ತಂತಿ, ಪಿಚ್ (ಒಂದು ಕಾಯಿಲ್ ದಾಟುವ ಸ್ಲಾಟ್) ಎಷ್ಟು, ಎಲ್ಲ ಅದರಲ್ಲಿ. ನಾವು ಹತ್ತಿರ ಹೋದರೆ ಡೈರಿ ಮುಚ್ಚುತ್ತಿದ್ದರು. ಸುಟ್ಟ ತಂತಿ ಕೀಳುವುದು, ಸ್ಲಾಟ್ ಉಜ್ಜುವುದು, ಚಹಾ ತರುವುದು, ಇಷ್ಟರಲ್ಲೇ ಒಂದು ವರ್ಷ ಕಳೆಯಿತು. ಕಾಯಿಲ್ ಇಳಿಸುವಾಗ ಮಾತ್ರ ‘ಹೋಗಿ ಬೀಡಿ ತಗೊಂಡ್ ಬಾ’ ಅನ್ನುತ್ತಿದ್ದರು. ಕಸುಬು ಹೊರಗೆ ಹೋದರೆ ಎದುರಿಗೇ ಇನ್ನೊಂದು ಅಂಗಡಿ ಏಳುತ್ತದೆ ಅಂತ ಭಯ. ಆ ಡೈರಿಯನ್ನು ಇವತ್ತು ಯೂಟ್ಯೂಬ್ ಬೀದಿಗೆ ತಂದಿಟ್ಟಿದೆ. ನನಗಂತೂ ಇದು ಬಹಳ ದೊಡ್ಡ ಸಂಗತಿ. ಸೋಲಾರ್ ಪಂಪಿನ ಕಂಟ್ರೋಲರ್ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಫೋನಿನಿಂದಲೇ. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಕೆಲಸ ಮಾಡುವ ನನ್ನ ಹಳೇ ವಿದ್ಯಾರ್ಥಿಗಳು ಹೊಲಿಗೆ ಮಷೀನಿನ ಬೋರ್ಡಿನಲ್ಲಿ ಎರರ್ ಕೋಡ್ ಬಂದರೆ ಮೊದಲು ಫೋನ್ ತೆಗೆಯುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನು ನಿಜ ಇರುವ ಅರ್ಧ. ನೋಡುವಾಗ ಎಲ್ಲ ಬರುತ್ತೆ ಅನ್ಸುತ್ತೆ ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಷಿಕಾಗೋ ವಿಶ್ವವಿದ್ಯಾಲಯದ ಮೈಕೆಲ್ ಕಾರ್ಡಾಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ವಿಷಯದ್ದು. ಗುರಿಹಲಗೆಗೆ ಡಾರ್ಟ್ ಎಸೆಯುವ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಮಗೆ ಬರುತ್ತೆ ಅನ್ನುವ ನಂಬಿಕೆ ಜಾಸ್ತಿ ಆಯಿತು. ಎಸೆಯಲು ಕೊಟ್ಟಾಗ ಒಂದು ಸಲ ನೋಡಿದವರಿಗಿಂತ ಅವರೇನೂ ಚೆನ್ನಾಗಿ ಎಸೆಯಲಿಲ್ಲ. ಇನ್ನೊಂದು ಪ್ರಯೋಗದಲ್ಲಿ, ಜಗ್ಲಿಂಗ್ ವಿಡಿಯೋ ನೋಡಿದವರಿಗೆ ಅದರಲ್ಲಿ ಮೇಲೆಸೆದು ಹಿಡಿಯುವ ಪಿನ್‌ಗಳನ್ನು ಸುಮ್ನೆ ಕೈಯಲ್ಲಿ ಹಿಡಿಯಲು ಕೊಟ್ಟರು. ಅಷ್ಟಕ್ಕೇ ಜನರ ಹುಸಿ ಧೈರ್ಯ ಇಳಿಯಿತು. ತೂಕ ಕೈಗೆ ತಗುಲಿದರೆ ಸಾಕು, ಇದು ಅಂದುಕೊಂಡಷ್ಟು ಸುಲಭ ಅಲ್ಲ ಅಂತ ಗೊತ್ತಾಗುತ್ತದೆ. 24 ಸ್ಲಾಟಿನ ಸ್ಟೇಟರನ್ನು (ಮೋಟರಿನ ತಿರುಗದ ಹೊರಭಾಗ) ಮೊದಲ ಸಲ ತೊಡೆ ಮೇಲೆ ಇಟ್ಟುಕೊಂಡವರಿಗೂ ಹೀಗೇ ಆಗುತ್ತದೆ. ವಿಡಿಯೋದಲ್ಲಿ ಬೆಣ್ಣೆಯಂತೆ ಇಳಿಯುವ ಕಾಯಿಲ್ ಇಲ್ಲಿ ಸ್ಲಾಟಿನ ತುಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಲ ಹಾಕಿದರೆ ತಂತಿಯ ಮೇಲಿನ ಎನಾಮಲ್ ಲೇಪ ಕೆರೆಯುತ್ತದೆ.

ಆದರೂ ಫೋನ್ ನೋಡಿ ಕಲಿತು ಗೆದ್ದವರು ಇದ್ದಾರಲ್ಲ, ಅವರಿಗೆ ಹೇಗೆ ಬಂತು? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಬ್ಲೌಸಿಗೆ ಆರಿ ವರ್ಕ್ ಹಾಕುವುದನ್ನು ಪೂರ್ತಿ ಯೂಟ್ಯೂಬಿನಲ್ಲೇ ಕಲಿತಳು. ಈಗ ಮದುವೆ ಸೀಸನ್ನಿನಲ್ಲಿ ಆಕೆಗೆ ಊಟಕ್ಕೆ ಬಿಡುವಿಲ್ಲ. ಆಕೆ ಕೂತು ಹೊಲಿಯುವುದನ್ನು ಒಂದು ದಿನ ಗಮನಿಸಿದೆ. ಸೂಜಿ ಓರೆ ಹೋದರೆ ದಾರ ಆಗಲೇ ಬಿಡುತ್ತದೆ. ಮಣಿ ಸಾಲು ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಆಕೆ ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಒಂದು ಗಂಟೆಯಲ್ಲಿ ಇಪ್ಪತ್ತು ತಪ್ಪು, ಇಪ್ಪತ್ತು ತಿದ್ದುಪಡಿ. ಅಲ್ಲಿ ಗುರು ಬಟ್ಟೆಯೇ.

ನಿಮ್ಮ ಮೋಟರ್ ಹಾಗಲ್ಲ. ನೀವು ಸೋಮವಾರ ಮಾಡಿದ ತಪ್ಪನ್ನು ಅದು ಗುರುವಾರ ಹೇಳುತ್ತದೆ, ಅದೂ ಹೊಗೆಯ ಮೂಲಕ. ಅಷ್ಟರಲ್ಲಿ ಯಾವ ತಪ್ಪಿಗೆ ಈ ಶಿಕ್ಷೆ ಅಂತಲೇ ಗೊತ್ತಾಗುವುದಿಲ್ಲ. ಆದ್ದರಿಂದ ಯಾರಾದರೂ ‘ಇದನ್ನು ಫೋನಲ್ಲಿ ಕಲೀಬಹುದಾ?’ ಅಂತ ಕೇಳಿದರೆ ನಾನು ತಿರುಗಿ ಒಂದೇ ಕೇಳುತ್ತೇನೆ: ತಪ್ಪು ಮಾಡಿದರೆ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತೆ? ಅಡುಗೆ, ಹೊಲಿಗೆ, ಕಂಪ್ಯೂಟರ್ ಟೈಪಿಂಗ್, ಎಕ್ಸೆಲ್, ಇವೆಲ್ಲ ಆ ಕ್ಷಣದಲ್ಲೇ ಹೇಳುತ್ತವೆ. ಧೈರ್ಯವಾಗಿ ಫೋನ್ ನೋಡಿ ಕಲಿಯಿರಿ. ಕರೆಂಟು, ಬೆಳೆಗೆ ಹೊಡೆಯುವ ಔಷಧಿ, ಮೈಗೆ ತೆಗೆದುಕೊಳ್ಳುವ ಔಷಧಿ, ಷೇರು ವ್ಯಾಪಾರ, ಇವು ತಡವಾಗಿ ಹೇಳುತ್ತವೆ. ಹೇಳುವಾಗ ದಂಡ ಹಾಕಿಯೇ ಹೇಳುತ್ತವೆ. ಇಂಥಲ್ಲಿ ನಡುವೆ ಕೈ ಹಿಡಿದು ‘ನಿಲ್ಲು’ ಅನ್ನುವ ಒಬ್ಬ ಮನುಷ್ಯ ಬೇಕು. ನಮ್ಮ ಭತ್ತ, ಹತ್ತಿ ಬೆಳೆಗಾರರು ರೀಲ್ಸ್ ನೋಡಿ ಎರಡು ಮೂರು ಔಷಧಿ ಒಂದೇ ಡ್ರಮ್ಮಿಗೆ ಕಲಸುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇರಲಿ, ಅದು ಕೃಷಿ ಇಲಾಖೆಯವರು ಹೇಳಬೇಕಾದ ಮಾತು.

ಈಗ ನಿಮ್ಮ ಮೋಟರಿಗೆ ಬರೋಣ. 3 ಎಚ್‌ಪಿ, 24 ಸ್ಲಾಟ್ ಒಂದೇ ಇದ್ದರೆ ಲೆಕ್ಕವೂ ಒಂದೇ ಅಂತ ನೀವು ನಂಬಿದಿರಿ. ವಿಡಿಯೋದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರ ಮೋಟರಿಗೆ ಅದು ಸರಿಯಾದ ಲೆಕ್ಕವೇ. ಆದರೆ ಎಷ್ಟು ಸುತ್ತು ಬೇಕು ಅನ್ನುವುದು ಕೋರಿನ (ಸ್ಟೇಟರಿನ ಕಬ್ಬಿಣದ ಭಾಗದ) ಉದ್ದ ಮತ್ತು ಒಳಗಿನ ವ್ಯಾಸದ ಮೇಲೆ ನಿಂತಿದೆ. ಕೋರ್ ಉದ್ದ ಇದ್ದರೆ ಸುತ್ತು ಕಡಿಮೆ ಸಾಕು. ಗಿಡ್ಡ ಇದ್ದರೆ ಜಾಸ್ತಿ ಬೇಕು. ಅವರ ಕೋರ್ ನಿಮ್ಮದಕ್ಕಿಂತ ಒಂದು ಬೆರಳು ಉದ್ದ ಇದ್ದಿದ್ದರೆ, ಅವರ ಸುತ್ತು ನಿಮ್ಮ ಮೋಟರಿಗೆ ಕಮ್ಮಿ ಬಿದ್ದಿರುತ್ತದೆ. ಸುತ್ತು ಕಮ್ಮಿ ಆದರೆ ಕಬ್ಬಿಣಕ್ಕೆ ಅದರ ತಾಕತ್ತಿಗಿಂತ ಹೆಚ್ಚು ಅಯಸ್ಕಾಂತ ಶಕ್ತಿ ತುಂಬುತ್ತದೆ, ಲೋಡ್ ಇಲ್ಲದಿದ್ದರೂ ಮೋಟರ್ ಕರೆಂಟ್ ಎಳೆಯುತ್ತದೆ, ಬಿಸಿ ಏರುತ್ತದೆ.

ಇದನ್ನು ಹೊಲಕ್ಕೆ ಕಳಿಸುವ ಮೊದಲೇ ಹಿಡಿಯಬಹುದಿತ್ತು. 3 ಎಚ್‌ಪಿ ತ್ರೀ ಫೇಸ್ ಮೋಟರ್ ಪೂರ್ತಿ ಲೋಡಿನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ. ಇಂಪೆಲರ್ (ನೀರು ತಳ್ಳುವ ಚಕ್ರ) ಇಲ್ಲದೆ ಬೆಂಚಿನ ಮೇಲೆ ಖಾಲಿ ತಿರುಗಿಸಿದಾಗ ಅದರ ಅರ್ಧವೋ, ಇನ್ನೂ ಕಡಿಮೆಯೋ ತೋರಿಸಬೇಕು. ಖಾಲಿ ಇದ್ದಾಗಲೇ 5ರ ಹತ್ತಿರ ಹೋದರೆ ಆ ಮೋಟರನ್ನು ಹೊರಗೆ ಬಿಡಬಾರದು. ಅದಕ್ಕೂ ಮುಂಚೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ ವೈಂಡಿಂಗಿನಿಂದ ಬಾಡಿಗೆ ಲೀಕೇಜ್ ನೋಡಬೇಕು. 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಸಪ್ಲೈ ಕೊಡಲೇಬಾರದು. ನಿಮ್ಮ ಇಡೀ ಪತ್ರದಲ್ಲಿ ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್ ಇಲ್ಲ, ಮೆಗ್ಗರ್ ಇಲ್ಲ. 140 ವಿಡಿಯೋಗಳಲ್ಲೂ ಬಹುಶಃ ಅವು ಬಂದಿದ್ದು ಕಮ್ಮಿ. ಯಾಕೆ ಅಂದರೆ ಮೀಟರಿನ ಮುಳ್ಳು ನೋಡುತ್ತಾ ಕೂರುವುದು ವಿಡಿಯೋಗೆ ಬೇಜಾರಿನ ಭಾಗ, ಕತ್ತರಿಸಿ ಹಾಕುತ್ತಾರೆ. ಯೂಟ್ಯೂಬ್ 2012ರಿಂದ ಯಾವ ವಿಡಿಯೋವನ್ನು ಜನ ಎಷ್ಟು ಹೊತ್ತು ನೋಡುತ್ತಾರೆ ಅನ್ನುವುದಕ್ಕೆ ಹೆಚ್ಚು ತೂಕ ಕೊಡುತ್ತಾ ಬಂದಿದೆ. ಮೋಟರ್ ಆಮೇಲೆ ಎಷ್ಟು ವರ್ಷ ಓಡಿತು ಅನ್ನುವುದು ಅದರ ಲೆಕ್ಕದಲ್ಲೇ ಇಲ್ಲ.

ನಂಬಬೇಕಾದವರು ಯಾರು ಅನ್ನುವುದಕ್ಕೆ ನಮ್ಮ ತುಂಗಭದ್ರೆಯ ಉದಾಹರಣೆಯೇ ಸಾಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಿತ್ತು ಗೇಟೇ ಕೊಚ್ಚಿಹೋಯಿತು. ಬೆಳಗಾಗುವುದರಲ್ಲಿ ನಮ್ಮ ಗ್ರೂಪಿಗೆ ಎಲ್ಲಿಯದೋ ಪ್ರವಾಹದ ಹಳೇ ವಿಡಿಯೋ ಬಂತು, ‘ಡ್ಯಾಂ ಒಡೀತು’ ಅಂತ. ಅದೇ ಫೋನಿನಲ್ಲಿ ಡ್ಯಾಂ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಸ್ಟಾಪ್ ಲಾಗ್ (ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆ) ಇಳಿಸುವ ದೃಶ್ಯವೂ ಬಂತು. ವಾರದೊಳಗೆ ಚಹಾ ಅಂಗಡಿಯಲ್ಲಿ ರೈತರು ‘ಸ್ಟಾಪ್ ಲಾಗ್’ ಅಂತ ಬೀಗರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ನಿಮಗೂ ಇದು ನೆನಪಿರುತ್ತದೆ. ಕೆಲಸದ ಜಾಗದಲ್ಲಿ ನಿಂತು, ಇದು ಹೀಗೆ ಯಾಕೆ, ಎಲ್ಲಿ ಎಡವಬಹುದು ಅಂತ ಹೇಳುವವನನ್ನು ಹಿಡಿಯಿರಿ. ರಿವೈಂಡಿಂಗಿನಲ್ಲೂ ಅಷ್ಟೇ. ಹಳೇ ಡೇಟಾ ಬರೆದುಕೊಳ್ಳುವುದರಿಂದ ಶುರು ಮಾಡಿ, ಕೊನೆಗೆ ಮೀಟರ್ ರೀಡಿಂಗ್ ತೋರಿಸುವ ಒಬ್ಬರನ್ನು ಆರಿಸಿ. ಉಳಿದವರ ವಿಡಿಯೋ ಅಳಿಸಿ. ಸೇವ್ ಮಾಡಿದ್ದು ತಲೆಗೆ ಹೋಗುವುದಿಲ್ಲ, ಮೆಮೊರಿ ಕಾರ್ಡಿಗೆ ಹೋಗುತ್ತದೆ.

ಹಿಂದಿ ಅರ್ಧ ತಿಳಿಯುತ್ತೆ ಅಂದಿರಿ. ಸಿಂಧನೂರು ಕಡೆ ತೆಲುಗು ವಲಸಿಗರ ಕ್ಯಾಂಪುಗಳ ನಡುವೆ ಬೆಳೆದವರಿಗೆ ತೆಲುಗು ಕಿವಿಗೆ ಬಿದ್ದೇ ಇರುತ್ತದೆ. ತೆಲುಗಿನಲ್ಲಿ ಹುಡುಕಿ ನೋಡಿದ್ದೀರಾ? ಅರ್ಧ ಅರ್ಥವಾಗುವ ಭಾಷೆಯಲ್ಲಿ ಕರೆಂಟಿನ ಕೆಲಸ ಕಲಿಯುವುದು ಬೇಡ. ಬಿಟ್ಟುಹೋದ ಇನ್ನರ್ಧದಲ್ಲಿ ‘ಇದನ್ನು ಮಾತ್ರ ಮಾಡಬೇಡಿ’ ಅನ್ನುವ ಮಾತು ಇದ್ದಿರಬಹುದು.

ನೋಡುವ ರೀತಿಯನ್ನೂ ಬದಲಿಸಬೇಕು. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಒಂದು ಉಚಿತ ಯೋಜನೆ ಇದೆ. ಕಂಪ್ಯೂಟರ್ ವಿಷಯಗಳು, ಕನ್ನಡದಲ್ಲೂ ಸಿಗುತ್ತವೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಪರದೆಯ ಒಂದು ಬದಿಗೆ ಪಾಠ, ಇನ್ನೊಂದು ಬದಿಗೆ ನಿಮ್ಮ ಕೆಲಸ. ಅವರು ಒಂದು ಹೆಜ್ಜೆ ಇಟ್ಟರೆ ನಿಲ್ಲಿಸಿ ನೀವೂ ಅದೇ ಹೆಜ್ಜೆ ಇಡಬೇಕು. ಮೋಟರಿಗೂ ಇದೇ ಪದ್ಧತಿ ನಡೆಯುತ್ತದೆ. ಗುಜರಿ ಅಂಗಡಿಯಿಂದ ಸತ್ತ ಸ್ಟೇಟರ್ ಒಂದನ್ನು ತೂಕದ ಲೆಕ್ಕದಲ್ಲಿ ತನ್ನಿ. ವಿಡಿಯೋ ಎರಡು ನಿಮಿಷ ನೋಡಿ, ನಿಲ್ಲಿಸಿ, ಕೈಯಲ್ಲಿ ಮಾಡಿ. ಸಂಜೆ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು 24 ಸ್ಲಾಟಿನ ವೈಂಡಿಂಗ್ ಡಯಾಗ್ರಂ ನೋಟ್‌ಬುಕ್ಕಿನಲ್ಲಿ ಬಿಡಿಸಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿಯವರೆಗೆ ಮಾತ್ರ ನಿಮಗೆ ಬಂದಿದೆ. ಬಿಚ್ಚುವ ಮೋಟರಿನ ಡೇಟಾ ಮೊದಲೇ ಬರೆಯಿರಿ: ಸುತ್ತು, ತಂತಿಯ ಗೇಜ್, ಪಿಚ್, ಕನೆಕ್ಷನ್, ಕೋರಿನ ಉದ್ದ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಒಂದು ವರ್ಷಕ್ಕೆ ನಿಮ್ಮದೇ ಡೈರಿ ಆಗುತ್ತದೆ. ಅದನ್ನು ಮುಚ್ಚಿಡುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು!

ಆದರೆ ಗುಜರಿ ಮೋಟರಿನ ಅಭ್ಯಾಸ ಸಪ್ಲೈ ಕೊಡುವ ಹಂತಕ್ಕೆ ಬಂದು ನಿಲ್ಲಬೇಕು. ಆಮೇಲೆ ಮನುಷ್ಯರು ಬೇಕು. ಆ ದಾರಿಗಳಲ್ಲಿ ನಿಮಗೆ ಯಾವುದು ಹೊಂದುತ್ತದೆ ನೋಡಿ.

ನನ್ನ ಮೊದಲ ಆಯ್ಕೆ ಅಂಗಡಿ. ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಚೆನ್ನಾಗಿ ಓಡುವ ರಿವೈಂಡಿಂಗ್ ಅಂಗಡಿಗೆ ಆರು ತಿಂಗಳು ಹೋಗಿ. ನಾಟಿ ಹೊತ್ತಿನಲ್ಲಿ ಅಲ್ಲಿ ಮೋಟರ್ ಸಾಲುಗಟ್ಟಿ ಕಾಯುತ್ತವೆ. ಕೂಲಿ ಕಮ್ಮಿ, ಚಹಾ ತರಿಸುತ್ತಾರೆ, ಕೆಲವು ಕಡೆ ಈಗಲೂ ಕಲಿಸುವುದಿಲ್ಲ. ಆದರೆ ನಮ್ಮ ಕಾಲಕ್ಕಿಂತ ನಿಮಗೆ ಒಂದು ಅನುಕೂಲ ಇದೆ. ಮೇಸ್ತ್ರಿ ಬಾಯಿ ಬಿಡದಿದ್ದರೂ ಅವರ ಕೈ ನೋಡಿ, ಯಾಕೆ ಹಾಗೆ ಮಾಡಿದರು ಅಂತ ರಾತ್ರಿ ಫೋನಲ್ಲಿ ಹುಡುಕಬಹುದು. ಫೋನಿಗೆ ನಿಜವಾದ ಕೆಲಸ ಸಿಗುವುದು ಆಗಲೇ.

ಎರಡನೆಯದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. 1982ರಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಈ ತರಬೇತಿ ಸಂಸ್ಥೆ ನಡೆಸುತ್ತವೆ. ಊಟ, ವಸತಿ, ಪಾಠ ಎಲ್ಲ ಉಚಿತ. ಮೋಟರ್ ರಿವೈಂಡಿಂಗ್ ಅವರ ತರಬೇತಿಗಳಲ್ಲಿ ಒಂದು, ಸುಮಾರು ಒಂದು ತಿಂಗಳಿನದು. ಬ್ಯಾಚ್ ಯಾವಾಗ ಅಂತ ಕೇಳಿ ಹೆಸರು ಬರೆಸಿ ಕಾಯಬೇಕು. ಒಂದು ತಿಂಗಳಿಗೆ ಕೈ ಪಳಗುವುದಿಲ್ಲ, ಆದರೆ ಬುನಾದಿ ಬೀಳುತ್ತದೆ. ಆಮೇಲೆ ಅಂಗಡಿಗೆ ಹೋದರೆ ಕಸ ಗುಡಿಸುವ ಹಂತ ತಪ್ಪುತ್ತದೆ.

ಮೂರನೆಯದು ಐಟಿಐ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ. 24 ವಯಸ್ಸು ತಡ ಅಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್, ಹಟ್ಟಿ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇಂಥ ಕಡೆ ಎಲೆಕ್ಟ್ರಿಷಿಯನ್ ಅಂತ ಒಳಗೆ ಹೋಗಬೇಕಾದರೆ ಈ ಕಾಗದ ಬೇಕು. ಸ್ವಂತ ಅಂಗಡಿಯೇ ಗುರಿ ಆದರೆ ಎರಡು ವರ್ಷ ಜಾಸ್ತಿ ಅನ್ನಿಸಬಹುದು. ಸೇರದಿದ್ದರೂ ಕೇಂದ್ರದ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಐಟಿಐ ಪಠ್ಯಕ್ರಮ, ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ. ನಿಮ್ಮ 8 ತಿಂಗಳಿನಲ್ಲಿ ಏನೇನು ಬಿಟ್ಟುಹೋಗಿದೆ ಅಂತ ಅದರ ಮುಂದೆ ಹಿಡಿದು ನೋಡಿ. ಯೂಟ್ಯೂಬಿನಲ್ಲಿ ಇಲ್ಲದ್ದು ಅದೊಂದೇ: ಯಾವುದರ ನಂತರ ಯಾವುದು ಅನ್ನುವ ಕ್ರಮ.

ಇನ್ನು ಆ 14,999 ರೂಪಾಯಿ. ಕೊಡಬೇಡಿ ಅಂತಲೇ ನನ್ನ ಸಲಹೆ. ಎಲ್ಲ ಆನ್‌ಲೈನ್ ಕೋರ್ಸೂ ಮೋಸ ಅಂತಲ್ಲ. ನಿಮಗೆ ಈಗ ಕೊರತೆ ಇರುವುದು ವಿಡಿಯೋದ್ದಲ್ಲ, ಅವರು ಮಾರುತ್ತಿರುವುದು ಅದನ್ನೇ. ಆದರೂ ಮನಸ್ಸು ಎಳೆಯುತ್ತಿದ್ದರೆ ಮೂರು ಪ್ರಶ್ನೆ ಬರಹದಲ್ಲಿ ಕೇಳಿ. ಸರ್ಟಿಫಿಕೇಟ್ ಕೊಡುವ ಸಂಸ್ಥೆ ಯಾವುದು, ಅದು ಎನ್‌ಸಿವಿಇಟಿ (ವೃತ್ತಿ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆ) ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ? ನಾನು ಕಟ್ಟಿದ ವೈಂಡಿಂಗನ್ನು ಯಾರು, ಎಲ್ಲಿ ಪರೀಕ್ಷೆ ಮಾಡುತ್ತಾರೆ? ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್? ‘ಇವತ್ತೇ ಕಟ್ಟಿದರೆ 5,000 ಕಡಿಮೆ’ ಅಂದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ. ಈಗಾಗಲೇ ಅಡ್ವಾನ್ಸ್ ಹಾಕಿ, ಆ ಕಡೆಯವರು ಫೋನ್ ಎತ್ತುತ್ತಿಲ್ಲ ಅಂತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ವಿಡಿಯೋದವರು ಹೇಳದ ಒಂದು ಅಭ್ಯಾಸ ಇಲ್ಲೇ ಹೇಳಿಬಿಡುತ್ತೇನೆ. ಹೊಲದಲ್ಲಿ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಆಮೇಲೆ ಟೆಸ್ಟರ್ ಹಚ್ಚಿ ನೋಡಿ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಅಂತ ನಮ್ಮ ಕಡೆ ಹೇಳಕ್ಕಾಗಲ್ಲ. ಅದು ಬಂದ ಕೂಡಲೇ ನೀವು ಒಳಗೆ ಕೈ ಹಾಕಿದ್ದು ಗೊತ್ತಿಲ್ಲದೆ ಯಾರಾದರೂ ಮೇನ್ ಎತ್ತಿಬಿಡುತ್ತಾರೆ.

ಕೊನೆಗೆ ಒಂದು ಕೆಲಸ. ಸುಟ್ಟ ಆ ವೈಂಡಿಂಗನ್ನು ಇನ್ನೂ ಕಿತ್ತಿಲ್ಲ ತಾನೆ? ಕಿತ್ತಿಲ್ಲದಿದ್ದರೆ ಬೆಳಕಿಗೆ ಹಿಡಿದು ನೋಡಿ. ಸುತ್ತು ಕಮ್ಮಿ ಬಿದ್ದು ಸುಟ್ಟಿದ್ದರೆ ಮೂರೂ ಫೇಸಿನ ಕಾಯಿಲ್‌ಗಳು ಸುತ್ತಲೂ ಹೆಚ್ಚುಕಡಿಮೆ ಒಂದೇ ಸಮ ಕಪ್ಪಾಗಿರುತ್ತವೆ. ಹಾಗಲ್ಲದೆ ಎರಡು ಫೇಸಿನ ಕಾಯಿಲ್ ಕರಕಲಾಗಿ, ಮೂರನೇ ಫೇಸಿನದು ಹೊಸ ತಾಮ್ರದಂತೆ ಹೊಳೆಯುತ್ತಿದ್ದರೆ ಕಥೆ ಬೇರೆ. ಸ್ಟಾರ್ ಕನೆಕ್ಷನ್ನಿನ (ಮೂರೂ ಫೇಸಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿದ) ಮೋಟರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ ಹೀಗೆ ಸುಡುತ್ತದೆ. ಇಂಥ ಸಣ್ಣ ಮೋಟರುಗಳಲ್ಲಿ ಸಾಮಾನ್ಯವಾಗಿ ಸ್ಟಾರ್ ಕನೆಕ್ಷನ್ನೇ ಇರುತ್ತದೆ. ಫೇಸ್ ಹೋಗಿದ್ದರೆ 20 ವರ್ಷ ಅನುಭವದ ಮೇಸ್ತ್ರಿ ಕಟ್ಟಿದ್ದರೂ ಆ ಮೋಟರ್ ಸುಡುತ್ತಿತ್ತು. ನೋಡಿ, ಫೋಟೋ ತೆಗೆದು ಕಳಿಸಿ. ಎರಡೇ ಫೇಸ್ ಸುಟ್ಟಿದ್ದರೆ ಅದೇ ಫೋಟೋವನ್ನು ಮಾವನಿಗೂ ತೋರಿಸಿ, ಅವರ ಸ್ಟಾರ್ಟರಿಗೆ ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇದೆಯಾ ಅಂತ ಕೇಳಿ.